ಎರಡು ಕಾಲಿಗೆ ಎರಡು ಅಳತೆ

ಮದ್ರಸದ ಬಾಗಿಲಲ್ಲಿ ಮಕ್ಕಳು ಬಿಟ್ಟ ಚಪ್ಪಲಿ, ಶೂಗಳನ್ನು ಸಾಲಾಗಿ ಇಡಿಸುವುದು ನನ್ನ ಹಳೆಯ ಅಭ್ಯಾಸ. ಬೆಳಿಗ್ಗೆ ಮದ್ರಸ ಬಿಟ್ಟ ಕೂಡಲೇ ನೇರ ಶಾಲೆಗೆ ಓಡುವ ಮಕ್ಕಳೇ ಹೆಚ್ಚು. ಹಾಗಾಗಿ ಜೂನ್ ಬಂತೆಂದರೆ ಮೆಟ್ಟಿಲ ಬಳಿ ಕಪ್ಪು ಶೂಗಳದ್ದೇ ಸಾಲು. ಕಳೆದ ವರ್ಷ ಮೂರನೇ ತರಗತಿಯ ಒಬ್ಬ ಹುಡುಗ ಮಾತ್ರ ತನ್ನ ಶೂವನ್ನು ಆ ಸಾಲಿನಲ್ಲಿ ಇಡುತ್ತಿರಲಿಲ್ಲ. ವುಳೂ ಮಾಡುವ ಹೌಳ್‌ನ ಹಿಂದೆ, ಗೋಡೆಗೆ ತಾಗಿಸಿ ಇಡುತ್ತಿದ್ದ. ಮಳೆಗೆ ಒದ್ದೆಯಾದರೂ ಅಲ್ಲೇ. ಎರಡು ಮೂರು ಸಲ ಗದರಿದೆ, ಕೇಳಲಿಲ್ಲ. ಒಂದು ದಿನ ಎಲ್ಲ ಮಕ್ಕಳ ಎದುರು ನಾನೇ ಅದನ್ನು ಎತ್ತಿ ಸಾಲಿಗೆ ತಂದಿಟ್ಟೆ. ತರುವಾಗ ಬಲಗಾಲಿನ ಶೂವಿನಿಂದ ಹತ್ತಿ, ಪೇಪರಿನ ಮುದ್ದೆ, ಒಂದು ಹಳೆಯ ಸಾಕ್ಸ್ ಕೆಳಗೆ ಬಿತ್ತು. ಮಕ್ಕಳು ನಕ್ಕರು. ಹುಡುಗ ನಗಲಿಲ್ಲ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಅವನ ಉಮ್ಮ ಬಂದರು. ಬೈಯಲಿಲ್ಲ. "ಉಸ್ತಾದೇ, ಅವನ ಒಂದು ಕಾಲು ಚಿಕ್ಕದು. ಎಡಕ್ಕೆ 13, ಬಲಕ್ಕೆ 11. ಪ್ರತಿ ವರ್ಷ ಎರಡು ಜೊತೆ ತೆಗೀತಿದ್ದೆ. ಈ ವರ್ಷ ಆಗ್ಲಿಲ್ಲ, ಅದಕ್ಕೆ ದೊಡ್ಡದನ್ನೇ ತೆಗೆದು ಹತ್ತಿ ಹಾಕಿ ಕೊಟ್ಟೆ" ಎಂದರು. ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸು. ಒಂದು ಜೊತೆ ಶೂ ಎಂದರೆ ಎಷ್ಟು ದಿನದ ಬೀಡಿ ಎಂದು ನಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಒಂದೇ ಕಾಲಿಗೆ ಚಪ್ಪಲಿ ಹಾಕಿ ನಡೆಯಬಾರದು, ಹಾಕಿದರೆ ಎರಡಕ್ಕೂ ಹಾಕಬೇಕು, ಬಿಟ್ಟರೆ ಎರಡನ್ನೂ ಬಿಡಬೇಕು ಎಂದು ಮಕ್ಕಳಿಗೆ ಕಲಿಸುವವನು ನಾನು. ಹಾಕುವಾಗ ಬಲಗಾಲು ಮೊದಲು, ತೆಗೆಯುವಾಗ ಎಡಗಾಲು ಮೊದಲು ಎಂದೂ ಕಲಿಸುತ್ತೇನೆ. ಎರಡು ಕಾಲಿಗೂ ಹೊಂದುವ ಒಂದು ಜೊತೆ ಇಡೀ ಪೇಟೆಯಲ್ಲಿ ಸಿಗದ ಮಗು ನನ್ನ ಮುಂದೆಯೇ ಕೂತಿದೆ ಎಂಬುದು ಮಾತ್ರ ನನಗೆ ಕಾಣಲಿಲ್ಲ.

ಆ ಹುಡುಗ ಹುಟ್ಟುವಾಗಲೇ ಬಲ ಪಾದ ಒಳಕ್ಕೆ ತಿರುಗಿತ್ತು. ಡಾಕ್ಟರುಗಳು ಇದಕ್ಕೆ ಕ್ಲಬ್‌ಫುಟ್ ಎನ್ನುತ್ತಾರೆ. ಅಪರೂಪದ ಕಾಯಿಲೆ ಏನೂ ಅಲ್ಲ, ಸಾವಿರ ಹೆರಿಗೆಗೆ ಒಂದು ಮಗುವಿಗಾದರೂ ಇರುತ್ತದೆ. ಈಗ ಎಲ್ಲ ಕಡೆ ನಡೆಯುವ ಚಿಕಿತ್ಸೆ ಅಮೆರಿಕದ ಅಯೋವಾದಲ್ಲಿದ್ದ ಪೊನ್ಸೆಟಿ ಎಂಬ ಡಾಕ್ಟರು ರೂಪಿಸಿದ್ದು. ಹುಟ್ಟಿದ ಕೆಲವೇ ವಾರಗಳಲ್ಲಿ ಪಾದವನ್ನು ಕೈಯಿಂದಲೇ ಸ್ವಲ್ಪ ಸ್ವಲ್ಪ ತಿರುಗಿಸಿ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಬದಲಿಸುತ್ತಾರೆ. ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ನರದಂಥ ಪಟ್ಟಿಯನ್ನು ಸಣ್ಣದಾಗಿ ಕೊಯ್ದು ಸಡಿಲ ಮಾಡಬೇಕಾಗುತ್ತದೆ. ಆಮೇಲೆ ನಡುವೆ ಸರಳು ಇರುವ ಜೋಡಿ ಬೂಟು. ಮೊದಲ ಮೂರು ತಿಂಗಳು ಹೆಚ್ಚು ಕಡಿಮೆ ಇಡೀ ದಿನ, ನಂತರ ನಾಲ್ಕೈದು ವರ್ಷದವರೆಗೆ ಮಲಗುವಾಗ ಮಾತ್ರ. ಹೆಚ್ಚಿನ ಮನೆಗಳು ಸೋಲುವುದು ಇಲ್ಲಿಯೇ. ರಾತ್ರಿ ಮಗು ಅಳುತ್ತದೆ, "ಪಾಪ, ಯಾಕೆ ಕಟ್ಟಿ ಹಾಕ್ತೀರಿ" ಎಂದು ಹಿರಿಯರು ಹೇಳುತ್ತಾರೆ, ಬೂಟು ಅಟ್ಟ ಸೇರುತ್ತದೆ, ಪಾದ ಮತ್ತೆ ತಿರುಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ತೊಂದರೆಯೂ ಸೇರಿದೆ. ಅಂಗನವಾಡಿ, ಶಾಲೆಗಳಿಗೆ ಬರುವ ಅದರ ತಂಡಕ್ಕೆ ತೋರಿಸಿದರೆ ಮುಂದೆ ಎಲ್ಲಿಗೆ ಹೋಗಬೇಕೆಂದು ಅವರೇ ಬರೆದು ಕೊಡುತ್ತಾರೆ.

ಈ ಹುಡುಗನ ಉಮ್ಮ ಒಂದು ದಿನವೂ ತಪ್ಪಿಸದೆ ಬೂಟು ಹಾಕಿಸಿದವರು. ಹಾಗಾಗಿ ಅವನು ಓಡುತ್ತಾನೆ, ಚೆಂಡಾಡುತ್ತಾನೆ. ಆದರೆ ಚಿಕಿತ್ಸೆ ಎಷ್ಟೇ ಚೆನ್ನಾಗಿ ಆದರೂ ಆ ಕಡೆಯ ಪಾದ ಸ್ವಲ್ಪ ಚಿಕ್ಕದಾಗಿ, ಮೀನಖಂಡ ಸ್ವಲ್ಪ ತೆಳುವಾಗಿ ಉಳಿಯುತ್ತದೆ. ಒಂದು, ಒಂದೂವರೆ ಸೈಜ್ ವ್ಯತ್ಯಾಸ ಸಾಮಾನ್ಯ, ಇವನದ್ದು ಎರಡು. ಅಂದರೆ ಇದು ಯಾರ ತಪ್ಪೂ ಅಲ್ಲ. ಆದರೂ ಆ ಉಮ್ಮನಿಗೆ ಎಂಟು ವರ್ಷದಿಂದ ಒಂದು ಮಾತು ಕೇಳಿ ಸಾಕಾಗಿದೆ. ಗ್ರಹಣದ ದಿನ ಹೊರಗೆ ಬಂದಿದ್ದಳಂತೆ, ಮೀನು ಕೊಯ್ದಿದ್ದಳಂತೆ. ಗ್ರಹಣಕ್ಕೂ ಒಬ್ಬರ ಹುಟ್ಟು ಸಾವಿಗೂ ಸಂಬಂಧವಿಲ್ಲ ಎಂದು ನಾವೇ ಖುತುಬಾದಲ್ಲಿ ಕೇಳುತ್ತೇವೆ, ಮನೆಗೆ ಬಂದು ಇದನ್ನೇ ಆಡುತ್ತೇವೆ. ದಯವಿಟ್ಟು ನಿಲ್ಲಿಸಿ.

ಈಗ ಅಂಗಡಿಯ ವಿಷಯಕ್ಕೆ ಬರುತ್ತೇನೆ. ಹುಡುಗನನ್ನು ಕರೆದುಕೊಂಡು ನಾನೇ ಪೇಟೆಗೆ ಹೋದೆ. ಮೊದಲ ಅಂಗಡಿಯವರು ನಮ್ಮವರೇ. "ಜೋಡಿ ಒಡೆದ್ರೆ ಉಳಿದದ್ದನ್ನು ನಾನು ಯಾರಿಗೆ ಮಾರ್ಲಿ ಉಸ್ತಾದೇ? ಕಂಪೆನಿಯವರು ವಾಪಸ್ ತಗೊಳ್ಳೋದಿಲ್ಲ" ಎಂದರು. ಅವರ ಮಾತೂ ಸುಳ್ಳಲ್ಲ. ಬಾಕ್ಸಿನ ಮೇಲೆ ಒಂದು ನಂಬರ್, ಒಳಗೆ ಇನ್ನೊಂದು ನಂಬರ್ ಇದ್ದರೆ ಅದು ಸತ್ತ ಮಾಲು. ಎರಡನೇ ಕಡೆ ಹುಡುಗನ ಎದುರೇ "ಇಂಥವರಿಗೆ ಬೇರೆ ಶೂ ಇರ್ತದೆ, ಆಸ್ಪತ್ರೆಯಲ್ಲಿ ಕೇಳಿ" ಅಂದರು. ಮೂರನೇ ಅಂಗಡಿಯವರು ಸ್ವಲ್ಪ ಯೋಚಿಸಿ, ಎರಡು ಜೊತೆಗೆ ಒಂದೂವರೆ ಜೊತೆಯ ಹಣ ತೆಗೆದುಕೊಂಡರು. ಉಳಿದ ಎರಡು ಶೂಗಳನ್ನೂ ನಮ್ಮ ಕೈಗೇ ಕೊಟ್ಟರು.

ಚಪ್ಪಲಿ ವ್ಯಾಪಾರದಲ್ಲಿ ನಮ್ಮ ಬ್ಯಾರಿಗಳು ಕಡಿಮೆ ಇಲ್ಲ. ಅವರಲ್ಲಿ ನನ್ನದೊಂದು ಕೇಳಿಕೆ. ವರ್ಷಕ್ಕೆ ಇಂಥ ಗಿರಾಕಿ ಒಬ್ಬರೋ ಇಬ್ಬರೋ ಬಂದಾರು. ಪೂರ್ತಿ ನಷ್ಟ ನಿಮ್ಮ ತಲೆಗೆ ಬೇಡ, ಅರ್ಧ ನೀವು ಬಿಡಿ, ಇನ್ನರ್ಧವನ್ನು ಜಮಾಅತ್ ಕಮಿಟಿ ಕೊಡಲಿ. ಶಾಲೆ ಶುರುವಾಗುವಾಗ ಕಮಿಟಿಯಿಂದ ಪುಸ್ತಕ, ಕೊಡೆ, ಬ್ಯಾಗ್ ಕೊಡುತ್ತೇವೆ, ಫೋಟೋ ಪೇಪರಿಗೂ ಬರುತ್ತದೆ. ಅದೇ ಪಟ್ಟಿಯಲ್ಲಿ, ಫೋಟೋ ಇಲ್ಲದೆ, ಒಂದು ಹೆಚ್ಚಿನ ಜೊತೆ ಶೂವಿಗೆ ಜಾಗ ಆಗುವುದಿಲ್ಲವೇ?

ಸರ್ಕಾರಿ ಶಾಲೆಯ ಮಕ್ಕಳಿಗೆ ಇನ್ನೂ ಸುಲಭ ಆಗಬೇಕಿತ್ತು. ಸರ್ಕಾರ ಕೊಡುವ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸನ್ನು ಖರೀದಿಸುವುದು ಆಯಾ ಶಾಲೆಯ ಎಸ್‌ಡಿಎಂಸಿ. ಅದರಲ್ಲಿ ಇರುವವರು ಪೋಷಕರೇ. ನೂರಾರು ಜೊತೆ ಒಟ್ಟಿಗೆ ತೆಗೆಯುವಾಗ ಒಂದು ಮಗುವಿಗೆ ಎರಡು ಸೈಜ್ ಕೇಳಿದರೆ ವ್ಯಾಪಾರಿ ಇಲ್ಲ ಅನ್ನಲಾರ. ಆದರೆ ಅಳತೆ ತೆಗೆಯುವಾಗ ಒಂದೇ ಕಾಲು ನೋಡಿ ನಂಬರ್ ಬರೆದುಕೊಂಡು ಹೋಗುತ್ತಾರೆ. ಉಮ್ಮಂದಿರು, ಬಾಪಂದಿರು ಸಭೆಗೆ ಹೋಗಿ ಬಾಯಿ ಬಿಟ್ಟು ಹೇಳಬೇಕು.

ಹತ್ತಿ ತುರುಕುವುದು ಏಕೆ ಬೇಡ ಎಂದೂ ಹೇಳುತ್ತೇನೆ. ಮುಂದೆ ಹತ್ತಿ ಇಟ್ಟರೆ ಬೆರಳು ನಿಲ್ಲುತ್ತದೆ, ಹಿಮ್ಮಡಿ ನಿಲ್ಲುವುದಿಲ್ಲ. ಹೆಜ್ಜೆಗೊಮ್ಮೆ ಮೇಲೆದ್ದು ಉಜ್ಜಿ ಬೊಕ್ಕೆ ಬರುತ್ತದೆ, ಮಗು ಕಾಲು ಎಳೆಯುತ್ತದೆ, ಮೆಟ್ಟಿಲಲ್ಲಿ ಎಡವುತ್ತದೆ. ಚಿಕ್ಕ ಕಾಲಿನ ಅಳತೆಗೆ ತೆಗೆದರೆ ಇನ್ನೂ ಕೆಟ್ಟದು, ದೊಡ್ಡ ಕಾಲಿನ ಉಗುರು ಮಾಂಸಕ್ಕೆ ಚುಚ್ಚುತ್ತದೆ. ನಮ್ಮಲ್ಲಿ ಚಾಲ್ತಿಯಲ್ಲಿರುವ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಸುಮಾರು ಎಂಟೂವರೆ ಮಿಲಿಮೀಟರ್ ವ್ಯತ್ಯಾಸ. ಅರ್ಧ ನಂಬರಿನಷ್ಟು ವ್ಯತ್ಯಾಸ ಬಹಳ ಜನರ ಕಾಲಲ್ಲಿ ಇದ್ದೇ ಇರುತ್ತದೆ. ಅಷ್ಟಾದರೆ ದೊಡ್ಡ ಕಾಲಿಗೆ ಸರಿಯಾದದ್ದು ತೆಗೆದು ಚಿಕ್ಕದಕ್ಕೆ ಒಳಗೆ ಪೂರ್ತಿ ಉದ್ದದ ಇನ್ನೊಂದು ಸೋಲ್ ಹಾಕಿಸಿದರೆ ನಡೆಯುತ್ತದೆ, ಚಪ್ಪಲಿ ರಿಪೇರಿಯವರೇ ಕತ್ತರಿಸಿ ಕೊಡುತ್ತಾರೆ. ಲೇಸ್ ಅಥವಾ ಅಂಟುಪಟ್ಟಿ ಇರುವುದೇ ಒಳ್ಳೆಯದು, ಬಿಗಿ ಮಾಡಲಿಕ್ಕೆ ಬರುತ್ತದೆ. ಒಂದು ನಂಬರಿಗಿಂತ ಹೆಚ್ಚಾದರೆ ಎರಡು ಜೊತೆ ತೆಗೆಯದೆ ದಾರಿಯಿಲ್ಲ.

ಅಳತೆಯನ್ನು ಸಂಜೆ ತೆಗೆಯಿರಿ, ಆಗ ಕಾಲು ಸ್ವಲ್ಪ ಉಬ್ಬಿರುತ್ತದೆ. ಸಾಕ್ಸ್ ಹಾಕಿಸಿ ಹಿಮ್ಮಡಿ ಗೋಡೆಗೆ ತಾಗುವಂತೆ ಕಾಗದದ ಮೇಲೆ ನಿಲ್ಲಿಸಿ, ಎರಡು ಕಾಲಿಗೂ ಬೇರೆ ಬೇರೆ ಗೆರೆ ಎಳೆಯಿರಿ. ಮಕ್ಕಳ ನಂಬರ್ 13ರ ನಂತರ ಮತ್ತೆ 1ರಿಂದ ಶುರುವಾಗುತ್ತದೆ ಎಂಬುದು ನನಗೂ ಅಂಗಡಿಯಲ್ಲೇ ಗೊತ್ತಾದದ್ದು. ಹುಡುಗನ ಎಡಗಾಲು ಈ ವರ್ಷ 1, ಬಲಗಾಲು 12. ಕೇಳಿದವರಿಗೆ ತಮಾಷೆ ಅನಿಸಬಹುದು.

ನಮ್ಮ ರೇಂಜ್‌ನ ಉಸ್ತಾದರ ಸಭೆಯಲ್ಲಿ ವಿಷಯ ಎತ್ತಿದೆ. ಒಬ್ಬರು "ಇದೂ ಒಂದು ಚರ್ಚೆಯಾ" ಎಂದರು. ಆದರೆ ಸಭೆ ಮುಗಿಯುವಾಗ ಇನ್ನೂ ಮೂವರು ಮಕ್ಕಳು ಸಿಕ್ಕಿದರು. ಒಬ್ಬನಿಗೆ ಅಪಘಾತದಲ್ಲಿ ಪಾದದ ಮುಂಭಾಗ ಹೋಗಿದೆ. ಇನ್ನೊಂದು ಮದ್ರಸದ ಹುಡುಗಿಗೆ ಎಡಗಾಲು ಚಿಕ್ಕದು, ಬಲಗಾಲು ದೊಡ್ಡದು, ನಮ್ಮ ಹುಡುಗನಿಗೆ ಸರಿ ಉಲ್ಟಾ. ಅವಳು ಅವನಿಗಿಂತ ಎರಡು ವರ್ಷ ದೊಡ್ಡವಳು. ಅವಳ ಮನೆಯ ಅಟ್ಟದಲ್ಲಿ ಒಂದು ಚೀಲ ತುಂಬ ಕಾಲಿಗೆ ಹಾಕದ ಹೊಸ ಶೂ ಇತ್ತು! ಅವಳು ಬಿಟ್ಟದ್ದೇ ಇವನಿಗೆ ಬೇಕಾದದ್ದು. ಕಪ್ಪು ಶೂ ಹುಡುಗಿಯರದ್ದು, ಪಟ್ಟಿ ಇರುವಂಥದ್ದು, ಅದು ಆಗಲಿಲ್ಲ. ಆಟದ ದಿನದ ಬಿಳಿ ಕ್ಯಾನ್ವಾಸ್ ಶೂ ಸರಿಯಾಯಿತು.

ನಮ್ಮ ಹುಡುಗ ಈಗಲೂ ತನ್ನ ಶೂವನ್ನು ಹೌಳ್‌ನ ಹಿಂದೆಯೇ ಇಡುತ್ತಾನೆ. ಮಳೆಗೆ ಒದ್ದೆಯಾಗದಿರಲೆಂದು ಅಲ್ಲೊಂದು ಹಲಗೆ ಇಟ್ಟಿದ್ದೇನೆ.

ನನ್ನ ಕಪಾಟಿನಲ್ಲಿ ಸದ್ಯ ಎರಡು ಜೋಡಿ ಇವೆ, ಎರಡೂ ಹುಡುಗರ ಕಪ್ಪು ಶೂ, ಹೊಸತು. ಒಂದು ಎಡಗಾಲು 11, ಬಲಗಾಲು 13. ಇನ್ನೊಂದು ಎಡಗಾಲು 12, ಬಲಗಾಲು 1. ಬೇಕಾದವರು ತಮ್ಮ ಮದ್ರಸದ ಉಸ್ತಾದರಲ್ಲಿ ಹೇಳಿದರೆ ಸಾಕು, ಮಗುವಿನ ಹೆಸರು ಹೇಳಬೇಕಾಗಿಲ್ಲ.