ದಾರಿ ಮೊದಲು ಊರಿನದಾಗಲಿ

ಚಾರಣಕ್ಕೆ ಬರುವವರನ್ನು ಕಂಡರೆ ಘಟ್ಟದ ಊರುಗಳಲ್ಲಿ ಈಗ ಖುಷಿಗಿಂತ ಆತಂಕವೇ ಹೆಚ್ಚು. ಶಿರಸಿ ತಾಲ್ಲೂಕಿನ ನಮ್ಮೂರಿಗೂ ಶನಿವಾರ ಬಂತೆಂದರೆ ಕಾರುಗಳು ಬಂದು ನಿಲ್ಲುತ್ತವೆ. ಬೇಲಿಯ ದಣಪೆ ಸರಿಸಿ ತೋಟ ದಾಟಿದವರು ಮತ್ತೆ ಅದನ್ನು ಹಾಕದೇ ಹೋದರೆ ದನ ನುಗ್ಗಿ ಬಾಳೆಯನ್ನೆಲ್ಲ ಮೇಯುತ್ತವೆ. ನಾಲ್ಕು ಮನೆಯವರು ಕುಡಿಯುವ ಅಬ್ಬಿಯಲ್ಲಿ ಚಿಪ್ಸ್ ಪೊಟ್ಟಣ ತೇಲುತ್ತದೆ. ಇಷ್ಟಾದರೂ ಘಟ್ಟದ ಹಳೆಯ ಕಾಲುದಾರಿಗಳನ್ನು ಜೋಡಿಸಿ, ನಡೆಯುವವರಿಗೆಂದೇ ಉದ್ದನೆಯದೊಂದು ದಾರಿ ಮಾಡಬೇಕು ಎಂಬುದು ನನ್ನ ವಾದ. ಆದರೆ ಅದರ ಹಿಡಿತ ಆಚೀಚೆಯ ಊರಿನವರ ಕೈಯಲ್ಲಿರಬೇಕು.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಇದು ಆಗುವ ಕೆಲಸವೆಂದು ನನಗೆ ಮನವರಿಕೆಯಾಯಿತು. ಅಲ್ಲಿಂದ ಮೇರಿಲ್ಯಾಂಡಿನ ಕಂಬರ್‌ಲ್ಯಾಂಡ್‌ವರೆಗೆ ಸುಮಾರು 240 ಕಿಲೋಮೀಟರ್ ಉದ್ದದ ‘ಗ್ರೇಟ್ ಅಲಿಗೇನಿ ಪ್ಯಾಸೇಜ್’ ಇದೆ. ಬಹುಪಾಲು ರೈಲು ನಿಂತುಹೋದ ಹಳೆಯ ಮಾರ್ಗವೇ. ಕಾಲ್ನಡಿಗೆಯವರು, ಸೈಕಲ್ಲಿನವರು ಹೋಗುತ್ತಾರೆ. ಕಾರು ಬಿಡುವುದಿಲ್ಲ, ಶುಲ್ಕವಿಲ್ಲ. ಉಕ್ಕು, ಕಲ್ಲಿದ್ದಲಿನ ಕೆಲಸ ಕುಸಿದು ಜನ ಊರು ಬಿಡುತ್ತಿದ್ದ ಸೀಮೆ ಅದು.

ಆ ದಾರಿಯಲ್ಲಿ 1986ರಲ್ಲಿ ಒಹಾಯೊಪೈಲ್ ಎಂಬ ಊರಿನ ಬಳಿ ಮೊದಲು ತೆರೆದದ್ದು ಬರೀ ಒಂಬತ್ತು ಮೈಲಿ. ಬೇರೆ ಬೇರೆ ಊರುಗಳಲ್ಲಿ ತಮ್ಮ ಪಾಲಿನ ತುಂಡನ್ನು ಕಟ್ಟುತ್ತಿದ್ದ ಏಳು ಗುಂಪುಗಳು 1995ರಲ್ಲಿ ಒಕ್ಕೂಟ ಮಾಡಿಕೊಂಡವು. ದಾರಿ ಪೂರ್ತಿಯಾದದ್ದು 2013ರಲ್ಲಿ. ಇಪ್ಪತ್ತೇಳು ವರ್ಷ! ಸರ್ಕಾರದ ಹಣವೂ ಬಂತು, ದಾನಿಗಳ ಹಣವೂ ಬಂತು. ಆದರೆ ಹುಲ್ಲು ಸವರಲು, ಬಿದ್ದ ಮರ ತೆಗೆಯಲು ಊರಿನವರೇ ಇಳಿದರು, ಇಂದಿಗೂ ಇಳಿಯುತ್ತಾರೆ. ಮೇಯರ್ಸ್‌ಡೇಲ್ ಎಂಬ ಸಣ್ಣ ಊರಿನ ಹಳೆಯ ರೈಲು ನಿಲ್ದಾಣ ಈಗ ವಸ್ತುಸಂಗ್ರಹಾಲಯ. ಅಲ್ಲಿ ಕೂತಿದ್ದ ವೃದ್ಧೆ ನಮಗೆ ನಕ್ಷೆ ಕೊಟ್ಟು, ನೀರು ಎಲ್ಲಿ ಸಿಗುತ್ತದೆ, ಊಟ ಎಲ್ಲಿ ಚೆನ್ನಾಗಿದೆ ಎಂದೆಲ್ಲ ಹೇಳಿದರು. ಅವರಿಗೆ ಸಂಬಳವಿಲ್ಲ. ದಾರಿಯ ಒಂದು ಕಿಲೋಮೀಟರ್ ಉದ್ದದ ಬಿಗ್ ಸ್ಯಾವೇಜ್ ಸುರಂಗವನ್ನು ಚಳಿಗಾಲದಲ್ಲಿ ಬಾಗಿಲು ಹಾಕಿ ಮುಚ್ಚುತ್ತಾರೆ. ನಡೆಯುವವರಿಗೆ ಬೇಸರವಾದೀತೆಂದು ಯಾರೂ ಅದನ್ನು ತೆರೆದಿಡುವುದಿಲ್ಲ.

ನಮ್ಮಲ್ಲಿ ನಡೆಯುವುದು ತಿರುಗಾಮುರುಗ. ಮೊದಲು ಜನ ಮುಗಿಬೀಳುತ್ತಾರೆ, ಆಮೇಲೆ ನಿಷೇಧ ಬರುತ್ತದೆ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯ ಸಾವಿರಾರು ಮಂದಿ ಹತ್ತಿದರು. ಬೆನ್ನಲ್ಲೇ ಆನ್‌ಲೈನ್ ಟಿಕೆಟ್ ವ್ಯವಸ್ಥೆ ಇಲ್ಲದ ಕಡೆಯೆಲ್ಲ ಸರ್ಕಾರ ಚಾರಣ ನಿಲ್ಲಿಸಿತು. ಟಿಕೆಟ್ಟಿನಿಂದ ತಲೆ ಎಣಿಸಬಹುದು. ದಣಪೆ ಹಾಕಿಸಲು ಊರಿನವರೇ ಬೇಕು.

ನಮ್ಮ ಘಟ್ಟಕ್ಕೆ ದಾರಿಗಳ ಬರವಿಲ್ಲ. ಕರಾವಳಿಯ ಸಾಣಿಕಟ್ಟೆಯ ಉಪ್ಪು ಎತ್ತಿನ ಬೆನ್ನೇರಿ ಮೇಲೆ ಬಂದದ್ದೂ, ಅಡಿಕೆ, ಕಾಳುಮೆಣಸು ಕೆಳಗಿಳಿದದ್ದೂ ಇಂಥ ದಾರಿಗಳಲ್ಲೇ. ಆದರೆ ಒಂದೇ ದಾರಿ ಒಮ್ಮೆ ಮಾಲ್ಕಿ ಜಮೀನಿನಲ್ಲಿ, ಒಮ್ಮೆ ತೋಟದವರು ಸೊಪ್ಪು ತರುವ ಸೊಪ್ಪಿನಬೆಟ್ಟದಲ್ಲಿ, ಇನ್ನೊಮ್ಮೆ ಮೀಸಲು ಅರಣ್ಯದಲ್ಲಿ ಹಾಯುತ್ತದೆ. ಒಬ್ಬರು ಒಪ್ಪಿದರೆ ಸಾಲದು. ಗ್ರಾಮ ಅರಣ್ಯ ಸಮಿತಿ, ಪಂಚಾಯಿತಿ, ಬೆಟ್ಟದ ಹಕ್ಕಿನವರು, ಅರಣ್ಯ ಇಲಾಖೆ ಒಂದೇ ಜಮಖಾನದ ಮೇಲೆ ಕೂರಬೇಕು. ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದ ಅಘನಾಶಿನಿ ಕಾಡಿನಂಥ ಕಡೆ ದಾರಿ ಬೇಡವೆಂದು ಮೊದಲ ದಿನವೇ ಬರೆದುಕೊಳ್ಳಬೇಕು. ಮಳೆಗಾಲ ಮುಗಿಯುವವರೆಗೆ ಪೂರ್ತಿ ಬಂದ್. ಊಟ, ವಸತಿ, ದಾರಿ ತೋರಿಸುವ ಕೆಲಸದ ಹಣ ದಾರಿಯಂಚಿನ ಮನೆಗಳಿಗೇ ಸಿಗಬೇಕು. ಗದ್ದೆ, ತೋಟವಿಲ್ಲದ ಮನೆಗಳಿಗೆ ಮೊದಲ ಪಾಲು.

ಇದಕ್ಕೆ ಕೋಟಿಗಟ್ಟಲೆಯ ಯೋಜನೆ ಬೇಡ. ದೊಡ್ಡ ಟೆಂಡರ್ ಬಂದರೆ ಕಾಲುದಾರಿಗೆ ಸಿಮೆಂಟು ಬೀಳುತ್ತದೆ, ಕಮಾನು ಏಳುತ್ತದೆ, ಎರಡು ಮಳೆಗಾಲದ ನಂತರ ಕೇಳುವವರಿರುವುದಿಲ್ಲ. ಎರಡು ಊರುಗಳ ನಡುವಿನ ಎಂಟು ಹತ್ತು ಕಿಲೋಮೀಟರ್ ಸಾಕು. ಅದನ್ನು ಎರಡೂ ಊರಿನವರು ಎರಡು ವರ್ಷ ಚೊಕ್ಕಟವಾಗಿ ನಡೆಸಿ ತೋರಿಸಲಿ, ಮೂರನೇ ಊರು ತಾನಾಗಿ ಕೇಳಿಕೊಂಡು ಬರುತ್ತದೆ. ಬೇಡವೆನ್ನುವ ಊರಿನ ಮಾತಿಗೂ ಅಷ್ಟೇ ಬೆಲೆ ಇರಲಿ, ದಾರಿ ಅದನ್ನು ಬಳಸಿಕೊಂಡು ಹೋಗಲಿ. ಅರಣ್ಯ ಇಲಾಖೆ ಇಂಥದೊಂದು ತುಂಡಿಗೆ ಪ್ರಾಯೋಗಿಕ ಅನುಮತಿ ಕೊಟ್ಟು ನೋಡಬೇಕು. ಗ್ರಾಮಸಭೆಯಲ್ಲಿ ಈ ವಿಷಯ ಎತ್ತುವ ಕೆಲಸ ಮಾತ್ರ ನಮ್ಮದು.