ಬ್ಯಾಟರಿಗೆ ಲಕ್ಷ ಕೊಡ್ತೀವಿ, ಬ್ರೇಕರ್‌ಗೆ ಯಾಕೆ ಜಿಪುಣತನ?

ಕಳೆದ ಬೇಸಿಗೆಯಲ್ಲಿ ಪ್ಯಾನೆಲ್ ಮೇಲಿನ ಧೂಳು ಒರೆಸೋಣ ಅಂತ ಮಟಮಟ ಮಧ್ಯಾಹ್ನ ಸೋಲಾರ್ ಲೈನಿನ ಎಂಸಿಬಿ ಆಫ್ ಮಾಡಿದೆ. ಗುಬ್ಬಿ ಕೆಳಗೆ ಬಂತು, ಕರೆಂಟ್ ನಿಲ್ಲಲಿಲ್ಲ. ಒಳಗೆ ಚಟಚಟ ಸದ್ದು, ನೀಲಿ ಬೆಳಕು, ಆಮೇಲೆ ಹೊಗೆ. ಗೋಡೆಯಾಚೆ ಒಣಹುಲ್ಲಿನ ಬಣವೆ. ನಾನು, ತಮ್ಮ ಸೇರಿ ಟಾರ್ಪಾಲು ಎಳೆದು ಪ್ಯಾನೆಲ್ ಮುಚ್ಚಿದ ಮೇಲೇ ಅದು ಆರಿದ್ದು.

ತಪ್ಪು ಪ್ಯಾನೆಲ್‌ದಲ್ಲ, ಬ್ಯಾಟರಿದೂ ಅಲ್ಲ. ವೈರಿಂಗ್ ಮಾಡಿದವರು ಮನೆಯ ಲೈಟಿಗೆ ಹಾಕುವ ಎಸಿ ಎಂಸಿಬಿಯನ್ನೇ ಅಲ್ಲಿ ಕೂರಿಸಿದ್ದರು. ನಾನೂ ಕೇಳಿರಲಿಲ್ಲ. ಸಸಿ ತರುವಾಗ ಬೇರು, ತಳಿ ಎಲ್ಲ ಪರೀಕ್ಷೆ ಮಾಡುವವನು, ಇದಕ್ಕೆ ಬರೀ ತಲೆಯಾಡಿಸಿದ್ದೆ.

ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತೆ. ಬ್ರೇಕರ್ ತೆರೆದಾಗ ಏಳುವ ಕಿಡಿ ಆ ಕ್ಷಣದಲ್ಲಿ ತಾನೇ ಸಾಯುತ್ತೆ. ಡಿಸಿಗೆ ಆ ಬಿಡುವೇ ಇಲ್ಲ, ಕಿಡಿ ಉರಿಯುತ್ತಲೇ ಇರುತ್ತೆ. ನಮ್ಮಲ್ಲಿ ನಾಲ್ಕು ಪ್ಯಾನೆಲ್ ಸೀರೀಸ್‌ನಲ್ಲಿದ್ದು ಒಟ್ಟು ಸುಮಾರು 200 ವೋಲ್ಟ್ ಬರುತ್ತೆ. ಚಳಿಗಾಲದ ಬೆಳಗ್ಗೆ ಇನ್ನೂ ಸ್ವಲ್ಪ ಜಾಸ್ತಿ. ಅದಕ್ಕಿಂತ ಹೆಚ್ಚಿನ ಡಿಸಿ ವೋಲ್ಟ್ ಬರೆದಿರುವ ಡಬಲ್ ಪೋಲ್ ಬ್ರೇಕರ್ ಅಲ್ಲಿ ಇರಲೇಬೇಕು. ಕೆಲವು ಎಸಿ ಎಂಸಿಬಿಗಳ ಮೇಲೂ ಸಣ್ಣ ಡಿಸಿ ರೇಟಿಂಗ್ ಇರುತ್ತೆ. ಬರೆದಿದ್ದನ್ನು ಮಾತ್ರ ನಂಬಿ, ಅಂಗಡಿಯವರ "ಏನೂ ಆಗಲ್ಲ ಸಾರ್" ಅನ್ನೋದನ್ನಲ್ಲ.

ಇನ್ನು ಬ್ಯಾಟರಿ ಕಡೆ ಎಷ್ಟು ಆಂಪ್ ಬೇಕು? ಲೆಕ್ಕ ಸುಲಭ, ಮೊಬೈಲ್ ತೆಗೆಯಿರಿ. 3000 ವ್ಯಾಟ್ ಇನ್ವರ್ಟರ್, 48 ವೋಲ್ಟ್ ಬ್ಯಾಟರಿ ಅಂದ್ಕೊಳ್ಳಿ. ಬ್ಯಾಟರಿ ಇಳಿದಾಗ ವೋಲ್ಟೇಜ್ 44ಕ್ಕೆ ಬರುತ್ತೆ, ಇನ್ವರ್ಟರ್ ಸುಮಾರು 10 ಪರ್ಸೆಂಟ್ ತಾನೇ ತಿನ್ನುತ್ತೆ. 3000 ಅನ್ನು 0.9ರಿಂದ, ಆಮೇಲೆ 44ರಿಂದ ಭಾಗಿಸಿದರೆ ಹತ್ತಿರ ಹತ್ತಿರ 76 ಆಂಪ್. ಅದಕ್ಕೆ ಕಾಲು ಭಾಗ ಸೇರಿಸಿದರೆ 95. ಹಾಗಾಗಿ 100 ಆಂಪ್ ಬ್ರೇಕರ್. ಕೇಬಲ್ ಅದಕ್ಕಿಂತ ಹೆಚ್ಚು ಹೊರಬೇಕು, ನಾನು 35 ಸ್ಕ್ವೇರ್ ಎಂಎಂ ತಾಮ್ರದ್ದು ಹಾಕಿಸಿದ್ದೀನಿ.

"ಪದೇ ಪದೇ ಟ್ರಿಪ್ ಆಗುತ್ತೆ, ದೊಡ್ಡದು ಹಾಕಿಬಿಡಿ" ಅನ್ನೋರು ಊರಿಗೊಬ್ಬರು ಇರ್ತಾರೆ. ಅವರ ಮಾತು ಕೇಳಬೇಡಿ. ಬ್ರೇಕರ್ ಇರೋದು ಮೊದಲಿಗೆ ವೈರ್ ಕಾಯೋಕೆ. 4 ಕೆಜಿ ಪ್ರೆಶರ್ ತಡೆಯುವ ಪೈಪಿಗೆ 6 ಕೆಜಿಗೆ ತೆರೆಯುವ ವಾಲ್ವ್ ಹಾಕಿದರೆ ಏನಾಗುತ್ತೆ ಅಂತ ಡ್ರಿಪ್ ಮಾಡಿದವರಿಗೆ ಹೇಳಬೇಕಿಲ್ಲ. ಅಲ್ಲಿ ನೀರು ಚಿಮ್ಮುತ್ತೆ, ಇಲ್ಲಿ ಬೆಂಕಿ ಹತ್ತುತ್ತೆ.

ಇನ್ನೆರಡು ವಿಷಯ ಬಹಳ ಜನ ಮರೀತಾರೆ. ಒಂದು, ಕೆಲವು ಡಿಸಿ ಎಂಸಿಬಿಗಳ ಮೇಲೆ ಪ್ಲಸ್, ಮೈನಸ್ ಗುರುತು ಇರುತ್ತೆ. ಕರೆಂಟ್ ಆ ಒಂದೇ ದಿಕ್ಕಿನಲ್ಲಿ ಹರಿದರೆ ಮಾತ್ರ ಅವು ಕಿಡಿ ಆರಿಸುತ್ತವೆ. ಬ್ಯಾಟರಿ ಲೈನಿನಲ್ಲಿ ಚಾರ್ಜ್ ಒಳಗೆ, ಲೋಡ್ ಹೊರಗೆ, ಎರಡೂ ಕಡೆ ಹರಿವು. ಅಲ್ಲಿಗೆ ದಿಕ್ಕಿನ ಹಂಗಿಲ್ಲದ, ನಾನ್-ಪೋಲರೈಸ್ಡ್ ಬ್ರೇಕರ್ರೇ ಬೇಕು. ಎರಡು, ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪ್ ಒಮ್ಮೆಗೇ ನುಗ್ಗುತ್ತೆ. ಬ್ರೇಕರ್ ಮೇಲಿನ 6 ಕೆಎ, 10 ಕೆಎ ಅನ್ನೋದು ಅದು ಕಡಿಯಬಲ್ಲ ಗರಿಷ್ಠ ಮಿತಿ. ಅದನ್ನೊಂದೇ ನೆಚ್ಚದೆ, ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಡಿಸಿ ರೇಟಿಂಗ್ ಇರುವ ಎಚ್‌ಆರ್‌ಸಿ ಅಥವಾ ಕ್ಲಾಸ್-ಟಿ ಫ್ಯೂಸ್ ಹಾಕಿಸಿ.

ದುಡ್ಡು ಜಾಸ್ತಿ ಆಗುತ್ತೆ, ನಿಜ. ಆದರೆ ಇಡೀ ಸಿಸ್ಟಮ್ಮಿನ ಖರ್ಚಿನಲ್ಲಿ ಇದು ಸಣ್ಣ ಪಾಲು. ನನ್ನ ಅಭಿಪ್ರಾಯ ಇಷ್ಟೇ: ಕೊಟೇಶನ್‌ನಲ್ಲಿ "ವೈರಿಂಗ್, ಇತರೆ" ಅಂತ ಒಂದೇ ಸಾಲು ಇದ್ದರೆ ವಾಪಸ್ ಕೊಡಿ. ಬ್ರೇಕರ್, ಫ್ಯೂಸ್, ಕೇಬಲ್ ಮೂರೂ ಬೇರೆ ಬೇರೆ ಸಾಲಿನಲ್ಲಿ, ವೋಲ್ಟ್ ಮತ್ತು ಆಂಪ್ ಸಮೇತ ಬರಲಿ. ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಮಾಡಲಿ. ಲೆಕ್ಕ ಮಾತ್ರ ನಿಮಗೂ ಗೊತ್ತಿರಲಿ.

ಈಗಾಗಲೇ ಹಾಕಿಸಿದ್ದೀರಾ? ಇವತ್ತೇ ಬ್ರೇಕರ್ ಮೇಲಿನ ಬರಹದ ಫೋಟೋ ತೆಗೆದು ಜೂಮ್ ಮಾಡಿ. ವೋಲ್ಟಿನ ಪಕ್ಕ ಅಲೆಯ ಗುರುತು ಮಾತ್ರ ಇದ್ದರೆ ಅದು ಎಸಿದು. ನೇರ ಗೆರೆ, ಅದರ ಕೆಳಗೆ ತುಂಡು ಗೆರೆ ಇದ್ದರೆ ಡಿಸಿ. ಎಸಿದು ಅಂತ ಕಂಡರೆ ಆ ಗುಬ್ಬಿ ಮುಟ್ಟಬೇಡಿ. ಬಿಸಿಲು ಇಳಿದ ಮೇಲೆ ಎಲೆಕ್ಟ್ರಿಷಿಯನ್ ಕರೆಸಿ ಬದಲಾಯಿಸಿ. ನನ್ನ ಕೈಗೆ ಆ ಹೊತ್ತಿನಲ್ಲಿ ಟಾರ್ಪಾಲು ಸಿಕ್ಕಿತು. ಎಲ್ಲರಿಗೂ ಸಿಗಲ್ಲ.