ಭಟ್ಟಿಯ ಹಿಂಡಿಯೂ ಹಾಲು ಬಿಟ್ಟ ಕರುವೂ

ನಮ್ಮ ಹಳ್ಳಿಗಳ ಅಂಗಡಿಗೆ ಈಚೆಗೆ ಹೊಸದೊಂದು ದನದ ತಿಂಡಿ ಬಂದಿದೆ. ಚೀಲದ ಮೇಲೆ ‘ಡಿಡಿಜಿಎಸ್’ ಎಂದು ಇಂಗ್ಲಿಷಿನ ನಾಲ್ಕು ಅಕ್ಷರಗಳು. ಕೊಳ್ಳುವವರಲ್ಲಿ ಬಹುಮಂದಿಗೆ ಅವುಗಳ ಅರ್ಥ ತಿಳಿಯದು. ಮೆಕ್ಕೆಜೋಳದಿಂದಲೋ ಅಕ್ಕಿಯಿಂದಲೋ ಎಥನಾಲ್ ಎಂಬ ಮದ್ಯಸಾರವನ್ನು ಭಟ್ಟಿ ಇಳಿಸಿದ ಮೇಲೆ ಉಳಿಯುವ ಚರಟವನ್ನು ಒಣಗಿಸಿದರೆ ಅದೇ ಡಿಡಿಜಿಎಸ್. ನಾನು ಇದನ್ನು ಭಟ್ಟಿಯ ಹಿಂಡಿ ಎಂದು ಕರೆಯುತ್ತೇನೆ, ಪಂಡಿತರು ಕ್ಷಮಿಸಬೇಕು.

2003ರಲ್ಲಿ ಪೆಟ್ರೋಲಿಗೆ ನೂರಕ್ಕೆ 5ರಂತೆ ಎಥನಾಲ್ ಬೆರೆಸುವ ಯೋಜನೆ ನಮ್ಮ ದೇಶದಲ್ಲಿ ಮೊದಲಾಯಿತು. 2025ರಲ್ಲಿ ಆ ಪ್ರಮಾಣ 20ನ್ನು ಮುಟ್ಟಿತು. ಕಬ್ಬಿನ ಕಾಕಂಬಿಯೊಂದರಿಂದಲೇ ಇಷ್ಟು ಹೊರಡದಾಗಿ ಧಾನ್ಯಕ್ಕೆ ಕೈಹಾಕಬೇಕಾಯಿತು. ದಾವಣಗೆರೆ, ಹಾವೇರಿಗಳಂಥ ಸೀಮೆಯಲ್ಲಿ ಬೆಳೆಯುವ ಮೆಕ್ಕೆಜೋಳಕ್ಕೆ ಹೊಸ ಗಿರಾಕಿ ಸಿಕ್ಕಿದ. ದನಗಳಿಗೆ ಹೊಸ ಹಿಂಡಿ ಸಿಕ್ಕಿತು.

ಇದರ ಗುಣವನ್ನು ಅಲ್ಲಗಳೆಯುವಂತಿಲ್ಲ. ಭಟ್ಟಿಗೆ ಹೋದ ಕಾಳಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಎಥನಾಲ್ ಆಗುತ್ತದೆ, ಒಂದು ಪಾಲು ಅನಿಲವಾಗಿ ಹಾರಿಹೋಗುತ್ತದೆ, ಒಂದು ಪಾಲು ಹಿಂಡಿಯಾಗಿ ಉಳಿಯುತ್ತದೆ. ಹೋಗುವುದು ಪಿಷ್ಟ, ಉಳಿದುದೆಲ್ಲ ಮುಮ್ಮಡಿ ದಟ್ಟವಾಗುತ್ತದೆ. ಮೆಕ್ಕೆಜೋಳದಲ್ಲಿ ನೂರಕ್ಕೆ 9ರ ಸುಮಾರಿಗಿದ್ದ ಪ್ರೋಟೀನು ಹಿಂಡಿಯಲ್ಲಿ 27ರಿಂದ 30ರವರೆಗೆ ಏರುತ್ತದೆ. ಅಮೆರಿಕದ ನೆಬ್ರಾಸ್ಕದಲ್ಲಿ ಕೊಯ್ಲಾದ ಮೆಕ್ಕೆಜೋಳದ ಹೊಲಗಳಲ್ಲಿ ಚಳಿಗಾಲವಿಡೀ ದನ ಮೇಯಿಸಿ, ಹಾಲು ಬಿಡಿಸಿದ ಕರುಗಳಿಗೆ ದಿನಕ್ಕೆ ಒಂದೆರಡು ಕಿಲೋ ಇದನ್ನು ಹಾಕುವುದುಂಟು. ಒಣಸೊಪ್ಪೆಯಿಂದ ದನದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಪ್ರೋಟೀನು ಬೇಕು. ಅದರ ಬದಲು ಹಿಟ್ಟನ್ನೇ ಹೆಚ್ಚಾಗಿ ತಿನ್ನಿಸಿದರೆ ನಾರು ಕರಗುವುದು ಇನ್ನಷ್ಟು ಕುಂದುತ್ತದೆ. ಭಟ್ಟಿಯ ಹಿಂಡಿಯಲ್ಲಿ ಪಿಷ್ಟ ಮೊದಲೇ ಹೋಗಿರುವುದರಿಂದ ಆ ತೊಂದರೆಯಿಲ್ಲ. ನೆಬ್ರಾಸ್ಕದ ಕರು ದೊಡ್ಡ ಮೈಕಟ್ಟಿನದು; ಅದರ ಅಳತೆ ನಮ್ಮ ಕರುವಿಗೆ ಸಲ್ಲದು ಎಂಬುದನ್ನು ಮಾತ್ರ ಮರೆಯಬಾರದು.

“ಸಾರಾಯಿ ಭಟ್ಟಿಯ ಕಸವನ್ನು ಗೋವಿಗೆ ತಿನ್ನಿಸುವುದೇ?” ಎಂದು ಮೂಗು ಮುರಿಯುವ ಹಿರಿಯರಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೆ: ಮದ್ಯಸಾರ ಆವಿಯಾಗಿ ಹೋದ ಮೇಲೆ ಉಳಿದುದು ಚರಟ. ಎಣ್ಣೆ ತೆಗೆದ ಕಡಲೆಕಾಯಿಯ ಹಿಂಡಿಯನ್ನು ನಾವು ಕಸವೆನ್ನುವುದಿಲ್ಲವಷ್ಟೆ.

ನನ್ನ ಆಕ್ಷೇಪಣೆ ಬೇರೆ ಕಡೆ ಇದೆ. ಕಾಳಿನಲ್ಲಿರುವ ಒಳ್ಳೆಯದು ಮುಮ್ಮಡಿಯಾದರೆ ಕೆಟ್ಟುದೂ ಮುಮ್ಮಡಿಯಾಗುತ್ತದೆ. ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಭಟ್ಟಿಯ ಕಾವಿಗೆ ಅದು ನಾಶವಾಗದು. ಹಸು ಅದನ್ನು ತಿಂದರೆ ಹಾಲಿನಲ್ಲಿಯೂ ಇಳಿಯುತ್ತದೆ. ಆದುದರಿಂದಲೇ ಕಾನೂನು ಒಂದು ಕಿಲೋ ಹಾಲಿಗೆ 0.5 ಮೈಕ್ರೊಗ್ರಾಂ ಎಂದು ಮಿತಿ ಕಟ್ಟಿದೆ. ಕಾರ್ಖಾನೆಯಲ್ಲಿ ಬಳಸುವ ಗಂಧಕಾಮ್ಲದಿಂದ ಹಿಂಡಿಯಲ್ಲಿ ಗಂಧಕ ಹೆಚ್ಚುವುದುಂಟು. ಅದು ಮಿತಿಮೀರಿದರೆ ದನದ ಮಿದುಳಿಗೆ ಕೇಡು, ಕಣ್ಣು ಕಾಣದೆ ತಡವರಿಸಿ ಬೀಳುತ್ತದೆ. ರಂಜಕ ಹೆಚ್ಚು, ಸುಣ್ಣದ ಅಂಶ ಕಡಮೆ. ಸುಣ್ಣಕಲ್ಲಿನ ಪುಡಿ ಬೆರೆಸದಿದ್ದರೆ ಹೋರಿಗರುಗಳಿಗೆ ಮೂತ್ರದಲ್ಲಿ ಕಲ್ಲು ಕಟ್ಟುವ ಭಯವಿದೆ.

ಇವುಗಳಲ್ಲಿ ಒಂದನ್ನೂ ನಮ್ಮೂರಿನ ಚೀಲ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲು. ಓಣಿಯವರು ಚೀಲ ಹೊತ್ತು ತಂದು “ಏನು ಬರೆದಿದೆ ಓದಪ್ಪ” ಎನ್ನುತ್ತಾರೆ. ಪ್ರೋಟೀನು ಎಷ್ಟೆಂದು ಓದಿ ಹೇಳುತ್ತೇನೆ. ಉಳಿದುದನ್ನು ಎಲ್ಲಿಂದ ಓದಲಿ?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಇನ್ನೊಂದು ಮಾತು. ಹಿಂಡಿ ಮನೆಗೆ ಬಂದರೆ ಅದು ಕರೆಯುವ ಹಸುವಿನ ಬಾನಿಗೇ ಹೋಗುತ್ತದೆ. ವಾರಕ್ಕೊಮ್ಮೆ ಸಂಘದಿಂದ ದುಡ್ಡು ತರುವವಳು ಅವಳು. ಹಾಲು ಬಿಟ್ಟ ಕರು ಏನು ತಂದೀತು? ಅದಕ್ಕೆ ಒಣಹುಲ್ಲು, ಕಲಗಚ್ಚು, ಬೇಸಗೆಯ ಬರಡು ಗೋಮಾಳ. ಹೀಗೆ ಸೊರಗಿದ ಹೆಣ್ಣುಗರು ಬೆದೆಗೆ ಬರುವುದೇ ತಡವಾಗುತ್ತದೆ. ಆ ತಡದ ನಷ್ಟವನ್ನು ಯಾವ ಲೆಕ್ಕದ ಪುಸ್ತಕವೂ ಬರೆದುಕೊಳ್ಳುವುದಿಲ್ಲ. ನನ್ನ ತಾಯಿ ಹಸುವಿನ ಪಾಲಿನಿಂದ ಒಂದು ಬೊಗಸೆ ಕದ್ದು ಕರುವಿಗೆ ಹಾಕುತ್ತಾಳೆ. ಯಾವ ಪ್ರೊಫೆಸರರೂ ಅವಳಿಗೆ ಇದನ್ನು ಹೇಳಿಕೊಟ್ಟಿಲ್ಲ! ಅಗ್ಗದ ಹಿಂಡಿಯಿಂದ ನಿಜವಾದ ಉಪಕಾರವಾಗಬೇಕಾದುದು ಈ ಕರುವಿಗೆ.

ಹಾಗಾಗಬೇಕಾದರೆ ಚೀಲದ ಮೇಲೆ ಕನ್ನಡದಲ್ಲಿ ಬರೆದಿರಬೇಕು: ಯಾವ ಕಾಳಿನದು, ಎಂದು ತಯಾರಾಯಿತು, ವಿಷಪರೀಕ್ಷೆ ಆಗಿದೆಯೆ, ಗಂಧಕ ಎಷ್ಟು, ಕರುವಿಗೆ ಎಷ್ಟು ಹಾಕಬಹುದು. ದಿನವೂ ಬೆಳಗ್ಗೆ ಸಂಘದವರು ನಮ್ಮ ಹಾಲಿಗೆ ಯಂತ್ರ ಹಿಡಿದು, ಕೊಬ್ಬು ಕಡಮೆಯಾದರೆ ದುಡ್ಡು ಮುರಿಯುತ್ತಾರೆ. ಅದು ನ್ಯಾಯವೇ. ನಮಗೆ ಮಾರುವ ಹಿಂಡಿಗೂ ಅಂಥದೊಂದು ಪರೀಕ್ಷೆ ಬೇಡವೆ? ಸಂಘದ ವಾರ್ಷಿಕ ಸಭೆಗೆ ಈ ಕುರಿತು ಒಂದು ಅರ್ಜಿಯನ್ನು ಬರೆದಿದ್ದೇನೆ. ಇದುವರೆಗೆ ಹನ್ನೊಂದು ಮಂದಿ ಸದಸ್ಯರು ಒಪ್ಪಿದ್ದಾರೆ. ಅವುಗಳಲ್ಲಿ ನಾಲ್ಕು ಹೆಬ್ಬೆಟ್ಟಿನ ಗುರುತು.